ಮಕ್ಕಳ ಪುಸ್ತಕಕ್ಕೆ ತೀರ್ಪು ಹೇಳುವವರಾರು?

ಮಕ್ಕಳ ಕೈಗೆ ಎಂಥ ಪುಸ್ತಕವನ್ನು ಕೊಡಬೇಕು, ಎಂಥದನ್ನು ಕೊಡಬಾರದು ಎಂಬ ಪ್ರಶ್ನೆ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಒಂದಿಲ್ಲೊಂದು ದಿನ ಏಳುತ್ತದೆ. ಈ ವಿಷಯದಲ್ಲಿ ಒಂದು ವೈಚಿತ್ರ್ಯವುಂಟು. ಮಕ್ಕಳ ಪುಸ್ತಕವನ್ನು ಬರೆಯುವವರು ದೊಡ್ಡವರು; ಅಚ್ಚು ಹಾಕಿಸುವವರು ದೊಡ್ಡವರು; ಹಣ ಕೊಟ್ಟು ಕೊಳ್ಳುವವರೂ, ಒಳಿತು ಕೆಡುಕುಗಳನ್ನು ಪತ್ರಿಕೆಗಳಲ್ಲಿ ವಿಮರ್ಶಿಸುವವರೂ ದೊಡ್ಡವರೇ. ಓದಬೇಕಾದವನು ಮಾತ್ರ ಚಿಕ್ಕವನು. ಅವನ ಅಭಿಪ್ರಾಯವನ್ನು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಬಹುಕಾಲದಿಂದ ಶ್ರದ್ಧೆಯಿಂದಲೂ, ಒಮ್ಮೊಮ್ಮೆ ಕೋಪದಿಂದಲೂ ಚರ್ಚಿಸುತ್ತ ಬಂದ ಜನಾಂಗ ಯೆಹೂದಿಗಳದು. ಜಗತ್ತಿನಲ್ಲೆಲ್ಲ ಸೇರಿ ಅವರ ಸಂಖ್ಯೆ ಸುಮಾರು ಒಂದೂವರೆ ಕೋಟಿ ಮಾತ್ರ. ಅನೇಕ ದೇಶಗಳಲ್ಲಿ ಚದುರಿ ಬಾಳಿದ ಅವರಿಗೆ ಮಗುವಿನ ಕಿವಿಯಲ್ಲಿ ಬಿದ್ದ ಕಥೆಯೇ ಪರಂಪರೆಯ ಸೇತುವೆಯಾಯಿತು. ಆದುದರಿಂದಲೇ ಮಕ್ಕಳ ಪುಸ್ತಕವನ್ನು ಕುರಿತ ಅವರ ವಾದಗಳು ಬರಿಯ ಸಾಹಿತ್ಯವಾದಗಳಲ್ಲ. ಈ ತಿಂಗಳು ಆ ಸಾಹಿತ್ಯವನ್ನೂ ಅದರ ವಿಮರ್ಶಕರನ್ನೂ ಓದುಗ ಬಂಧುಗಳಿಗೆ ಪರಿಚಯಿಸಬೇಕೆಂದು ನಾವು ಬಗೆದಿದ್ದೇವೆ.

ಪಸ್ಕ ಹಬ್ಬವೆಂಬುದು ಯೆಹೂದಿಗಳ ಮುಖ್ಯ ಹಬ್ಬಗಳಲ್ಲೊಂದು. ಈಜಿಪ್ಟಿನ ದಾಸ್ಯದಿಂದ ತಮ್ಮ ಪೂರ್ವಜರು ಬಿಡುಗಡೆ ಹೊಂದಿದುದರ ಸ್ಮರಣೆ ಅದು. ಆ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಒಟ್ಟಿಗೆ ಕುಳಿತು ಹಗ್ಗದಾ ಎಂಬ ಗ್ರಂಥವನ್ನು ಪಠಿಸುತ್ತಾರೆ. ಬಿಡುಗಡೆಯ ಕಥೆ ಅಲ್ಲಿ ಹಿರಿಯರ ಉಪದೇಶದಿಂದ ಮೊದಲಾಗುವುದಿಲ್ಲ. ಮನೆಯ ಅತ್ಯಂತ ಕಿರಿಯ ಮಗು ಆ ರಾತ್ರಿಯ ವಿಶೇಷವೇನೆಂದು ನಾಲ್ಕು ಬಗೆಯಲ್ಲಿ ಪ್ರಶ್ನಿಸುತ್ತದೆ. ಹಿರಿಯರು ಅದಕ್ಕೆ ಉತ್ತರವಾಗಿ ಕಥೆಯನ್ನು ಹೇಳುತ್ತಾರೆ. ಅದೇ ಗ್ರಂಥದಲ್ಲಿ ನಾಲ್ವರು ಮಕ್ಕಳ ಪ್ರಸಂಗ ಬರುತ್ತದೆ. ಒಬ್ಬ ಜಾಣ, ಒಬ್ಬ ದುಷ್ಟ, ಒಬ್ಬ ಮುಗ್ಧ, ಇನ್ನೊಬ್ಬ ಪ್ರಶ್ನೆ ಕೇಳುವುದನ್ನೇ ಅರಿಯದವನು. ನಾಲ್ವರಿಗೂ ಉತ್ತರ ಬೇರೆ ಬೇರೆ. ಮಕ್ಕಳು ನಿದ್ದೆ ಹೋಗಬಾರದೆಂದು ಹುಳಿಯಿಲ್ಲದ ರೊಟ್ಟಿಯ ಚೂರೊಂದನ್ನು ಮನೆಯಲ್ಲೆಲ್ಲೋ ಅಡಗಿಸಿಟ್ಟು ಹುಡುಕಿಸುವ ಪದ್ಧತಿಯೂ ಉಂಟು. ಶಿಕ್ಷಣಶಾಸ್ತ್ರದ ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆ ಹಿರಿಯರಿಗೆ ಮಗುವಿನ ಮನಸ್ಸು ತಿಳಿದಿತ್ತೆಂದು ನಮಗೆ ತೋರುತ್ತದೆ.

ಈ ಬೇರಿನಿಂದ ಆಧುನಿಕ ಕಾಲದ ಮಕ್ಕಳ ಪುಸ್ತಕಗಳು ಚಿಗುರಿದ ಬಗೆ ದೀರ್ಘವಾದದ್ದು. 1779ರಲ್ಲಿ ಬರ್ಲಿನ್ನಿನ ಡೇವಿಡ್ ಫ್ರೀಡ್‌ಲೆಂಡರ್ ಅವರು ಯೆಹೂದಿ ಮಕ್ಕಳಿಗಾಗಿ ಜರ್ಮನ್ ಭಾಷೆಯಲ್ಲಿ ಒಂದು ಪಠ್ಯವನ್ನು ಸಿದ್ಧಪಡಿಸಿದರು. ಆ ಕಾಲದ ಕಥೆಯನ್ನು ಅಷ್ಟಕ್ಕೇ ಬಿಟ್ಟು ನಾವು ನೇರವಾಗಿ ಇಪ್ಪತ್ತನೆಯ ಶತಮಾನದ ಅಮೆರಿಕಕ್ಕೆ ಬರುತ್ತೇವೆ.

1930ರಲ್ಲಿ ಅಲ್ಲಿಯ ಯೆಹೂದಿ ಮಹಿಳಾ ಸಂಘಟನೆಯೊಂದರ ಪತ್ರಿಕೆಯಲ್ಲಿ ಸೇಡಿ ರೋಸ್ ವೈಲರ್‌ಸ್ಟೈನ್ ಎಂಬ ತಾಯಿ ಕ್‌ಟೊಂಟೊನ್ ಎಂಬ ಪುಟ್ಟ ಬಾಲಕನ ಕಥೆಯನ್ನು ಬರೆದರು. ಮಕ್ಕಳಿಲ್ಲದ ಸ್ತ್ರೀಯೊಬ್ಬಳು ಹಬ್ಬದಲ್ಲಿ ಪೂಜ್ಯವಾದ ಮಾದಳ ಹಣ್ಣಿನ ತುದಿಯನ್ನು ಕಚ್ಚಿದ ಫಲವಾಗಿ ಹೆಬ್ಬೆರಳಷ್ಟೇ ಗಾತ್ರದ ಮಗನನ್ನು ಪಡೆಯುತ್ತಾಳೆ. ಅವನು ಹಬ್ಬದ ಬುಗುರಿಯನ್ನೇರಿ ಸವಾರಿ ಹೊರಡುವಂಥ ತುಂಟ. 1935ರಲ್ಲಿ ಈ ಕಥೆಗಳು ಪುಸ್ತಕವಾದವು. ಒಂದು ಸಮುದಾಯದ ಮನೆವಾರ್ತೆಯ ಪತ್ರಿಕೆಯಿಂದ ತಲೆಮಾರುಗಳು ನೆನೆಯುವ ಮಗುವೊಂದು ಹುಟ್ಟಿತೆಂಬುದು ಇಂಥ ಪತ್ರಿಕೆಗಳಿಗೆ ಬರೆಯುವ ನಮ್ಮಂಥವರಿಗೆ ಸಂತೋಷದ ಸಂಗತಿ.

ಆದರೂ ಅಮೆರಿಕದ ಸಾಮಾನ್ಯ ಗ್ರಂಥಾಲಯದ ಕಪಾಟಿನಲ್ಲಿ ಯೆಹೂದಿ ಮಗುವಿಗೆ ತನ್ನ ಮನೆಯಂಥ ಮನೆ ಕಾಣುತ್ತಿರಲಿಲ್ಲ. ತಾನು ಓದುವ ಕಥೆಗಳಲ್ಲಿ ಕ್ರೈಸ್ತ ಮಕ್ಕಳೇ ಏಕಿದ್ದಾರೆಂದು ಮಗಳೊಬ್ಬಳು ಕೇಳಿದಳು. ಆಕೆಯ ತಾಯಿಯೇ ಸಿಡ್ನಿ ಟೇಲರ್. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ವಲಸಿಗರ ಬಡ ಕೇರಿಯಲ್ಲಿ ಬೆಳೆದವರು ಅವರು. ಮಗಳ ಪ್ರಶ್ನೆಗೆ ಉತ್ತರವಾಗಿ, ತಾವು ಅಕ್ಕತಂಗಿಯರೊಡನೆ ಕಳೆದ ಬಾಲ್ಯವನ್ನು ಪ್ರತಿ ರಾತ್ರಿ ಕಥೆಯಾಗಿ ಹೇಳಿದರು, ಬರೆದೂ ಇಟ್ಟರು. ಆ ಹಸ್ತಪ್ರತಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಪತಿಯೇ ಆಕೆಗೆ ತಿಳಿಸದೆ ಅದನ್ನು ಪ್ರಕಾಶಕರ ಸ್ಪರ್ಧೆಗೆ ಕಳುಹಿಸಿದರು. ಬಹುಮಾನ ಬಂದಿತು; 1951ರಲ್ಲಿ 'ಆಲ್ ಆಫ್ ಎ ಕೈಂಡ್ ಫ್ಯಾಮಿಲಿ' ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟವಾಯಿತು.

ಗುಜರಿ ಅಂಗಡಿಯ ತಂದೆ, ಬಿಗಿಮುಷ್ಟಿಯಲ್ಲಿ ಸಂಸಾರ ತೂಗಿಸುವ ತಾಯಿ, ಐವರು ಹೆಣ್ಣುಮಕ್ಕಳು. ಶುಕ್ರವಾರದ ಗ್ರಂಥಾಲಯ ಭೇಟಿ, ಅಂದು ಸಂಜೆ ಸಬ್ಬತ್ತಿನ ದೀಪ. ಅದರಲ್ಲಿ ಒಂದು ಅಧ್ಯಾಯವನ್ನು ನಮ್ಮ ತಾಯಂದಿರು ಬಹಳವಾಗಿ ಮೆಚ್ಚುವರು. ಮನೆಯ ಧೂಳು ಒರೆಸಲು ಮಕ್ಕಳು ಬೇಸರಪಡುತ್ತಾರೆ. ತಾಯಿ ಗದರಿಸುವುದಿಲ್ಲ. ನಡುಮನೆಯ ಮೂಲೆಮೂಲೆಗಳಲ್ಲಿ ಗುಂಡಿಗಳನ್ನು ಅಡಗಿಸಿಟ್ಟು, ಒರೆಸುವಾಗ ಎಲ್ಲವನ್ನೂ ಕಂಡುಹಿಡಿಯುವಿರಾ ನೋಡೋಣ ಎನ್ನುತ್ತಾಳೆ. ಮರುಕ್ಷಣದಿಂದ ಧೂಳೊರೆಸುವುದು ಆಟವಾಗುತ್ತದೆ. ಪಸ್ಕದ ರಾತ್ರಿ ರೊಟ್ಟಿಯ ಚೂರನ್ನು ಅಡಗಿಸಿಡುವ ಜಾಣ್ಮೆಯೇ ಇಲ್ಲಿ ಗುಂಡಿಯ ರೂಪದಲ್ಲಿ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಇಷ್ಟು ಸೌಮ್ಯವಾದ ಪುಸ್ತಕಕ್ಕೂ ವಿಮರ್ಶೆ ತಪ್ಪಲಿಲ್ಲ. ಬಡತನವನ್ನು ಸಿಹಿಯಾಗಿಸಿ ಬರೆದಿದೆಯೆಂದು ಕೆಲವರು ಆಕ್ಷೇಪಿಸಿದರು. ಇನ್ನೂ ಸೂಕ್ಷ್ಮವಾದ ಮಾತು ಜೂನ್ ಕಮಿನ್ಸ್ ಎಂಬ ವಿದುಷಿಯದು. ಮೂಲ ಹಸ್ತಪ್ರತಿಗೆ ಪ್ರಕಾಶನದ ಸಂಪಾದಕಿಯು ಅಮೆರಿಕತನವನ್ನು ಹೆಚ್ಚಿಸುವಂತೆ ಸಲಹೆ ಮಾಡಿದ್ದರೆಂಬುದನ್ನೂ, ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನ ಪುಸ್ತಕದೊಳಗೆ ಬಂದ ಹಿನ್ನೆಲೆಯನ್ನೂ ಅವರು ಪತ್ರವ್ಯವಹಾರ ಶೋಧಿಸಿ ತೋರಿಸಿದರು. ಅಲ್ಪಸಂಖ್ಯಾತರ ಮಗುವಿನ ಕಥೆ ಬಹುಸಂಖ್ಯಾತರ ಅಂಗಳದಲ್ಲಿ ನಿಲ್ಲಬೇಕಾದರೆ ಇಂಥ ಪರವಾನಗಿ ಬೇಕಾಯಿತೆ ಎಂಬುದು ಆ ವಿಮರ್ಶೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ತಮ್ಮ ಮನೆಯ ದೀಪವನ್ನು ಅಚ್ಚಿನಲ್ಲಿ ಮೊದಲ ಬಾರಿಗೆ ಕಂಡ ಅಂದಿನ ಮಕ್ಕಳು ಆ ಲೆಕ್ಕ ಹಾಕಿರಲಾರರು. 1978ರಲ್ಲಿ ಲೇಖಕಿ ನಿಧನರಾದ ಮೇಲೆ ಯೆಹೂದಿ ಗ್ರಂಥಾಲಯಗಳ ಸಂಘವು ಮಕ್ಕಳ ಸಾಹಿತ್ಯಕ್ಕೆ ಕೊಡುವ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿತು.

ಟೇಲರರ ಪುಸ್ತಕಕ್ಕೆ ಸಿಹಿ ಹೆಚ್ಚಾಯಿತೆಂಬ ದೂರು ಬಂದರೆ, ಹನ್ನೆರಡು ವರ್ಷಗಳ ಅನಂತರ ಬಂದ ಮತ್ತೊಂದು ಪುಸ್ತಕಕ್ಕೆ ಭಯ ಹೆಚ್ಚಾಯಿತೆಂಬ ದೂರು. 1963ರ ಆ ಚಿತ್ರಪುಸ್ತಕ 'ವೇರ್ ದ ವೈಲ್ಡ್ ಥಿಂಗ್ಸ್ ಆರ್'. ಬರೆದು ಚಿತ್ರಿಸಿದವರು ಮಾರಿಸ್ ಸೆಂಡಾಕ್. ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ದಂಪತಿಗಳ ಮಗ, ಬ್ರೂಕ್ಲಿನ್ನಿನಲ್ಲಿ 1928ರಲ್ಲಿ ಹುಟ್ಟಿದವರು. ಇಡೀ ಪುಸ್ತಕದಲ್ಲಿರುವುದು 338 ಶಬ್ದಗಳು, ಹತ್ತೇ ವಾಕ್ಯಗಳು. ತುಂಟತನ ಮಾಡಿದ ಬಾಲಕನನ್ನು ತಾಯಿ ರಾತ್ರಿಯೂಟವಿಲ್ಲದೆ ಮಲಗಲು ಕಳುಹಿಸುತ್ತಾಳೆ. ಅವನ ಕೋಣೆ ಕಾಡಾಗುತ್ತದೆ. ಅವನು ದೋಣಿಯೇರಿ ವಿಕಾರರೂಪದ ಪ್ರಾಣಿಗಳ ನಾಡಿಗೆ ಹೋಗಿ ಅವುಗಳ ರಾಜನಾಗುತ್ತಾನೆ. ಕೊನೆಗೆ ಮನೆಯ ನೆನಪಾಗಿ ಮರಳುತ್ತಾನೆ.

ಇದರಲ್ಲಿ ಯೆಹೂದಿ ಎಂಬ ಶಬ್ದವೇ ಇಲ್ಲ. ಇದು ಯೆಹೂದಿ ಪುಸ್ತಕ ಹೇಗಾದೀತು ಎಂದು ಕೇಳುವವರುಂಟು. ಆದರೆ ಆ ಪ್ರಾಣಿಗಳು ಯಾರೆಂಬುದನ್ನು ಸೆಂಡಾಕ್ ಹಲವು ಬಾರಿ ಹೇಳಿದ್ದರು. ಅವರು ಮೊದಲು ಬಿಡಿಸಬೇಕೆಂದಿದ್ದುದು ಕಾಡುಕುದುರೆಗಳನ್ನು. ಕುದುರೆ ಬಿಡಿಸಲು ಕೈ ಸಾಗದೆ ಬಿಟ್ಟರು. ಆಗ ನೆನಪಾದವರು ತಮ್ಮ ಬಾಲ್ಯದಲ್ಲಿ ಭಾನುವಾರ ಮನೆಗೆ ಬರುತ್ತಿದ್ದ ನೆಂಟರು. ಯಿಡ್ಡಿಷ್ ಭಾಷೆಯಲ್ಲಿ ಗಟ್ಟಿಯಾಗಿ ಮಾತನಾಡುತ್ತ, ಮಗುವಿನ ಕೆನ್ನೆ ಹಿಂಡಿ, ತಿಂದೇಬಿಡುತ್ತೇನೆ ಎನ್ನುತ್ತಿದ್ದ ಸೋದರಮಾವಂದಿರು, ಚಿಕ್ಕಮ್ಮಂದಿರು. ಹಲ್ಲು, ಮೂಗು, ಕೆಂಪು ಕಣ್ಣುಗಳೆಲ್ಲ ಅವರವೇ. ಹತೋಟಿಗೆ ಬಾರದ ಮಗುವನ್ನು ಕಾಡುಮೃಗವೆಂದು ಬೈಯುವ ಪದವೂ ಯಿಡ್ಡಿಷ್‌ನಲ್ಲಿದೆ. ನೆಂಟರು ತುಂಬಿದ ಮನೆಯಲ್ಲಿ ಬೆಳೆದವರಾರೂ ಇದನ್ನು ಓದಿ ನಗದೆ ಇರಲಾರರು.

1964ರಲ್ಲಿ ಪುಸ್ತಕಕ್ಕೆ ಅಮೆರಿಕದ ಚಿತ್ರಪುಸ್ತಕಗಳ ಶ್ರೇಷ್ಠ ಗೌರವವಾದ ಕಾಲ್ಡೆಕಾಟ್ ಪದಕ ಬಂದಿತು. 1969ರಲ್ಲಿ ಬ್ರೂನೋ ಬೆಟ್ಟಲ್‌ಹೈಮ್ ಎಂಬ ಹೆಸರಾಂತ ಮನೋವಿಜ್ಞಾನಿ ಮಹಿಳೆಯರ ಮಾಸಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಅದನ್ನು ಖಂಡಿಸಿದರು. ಇವರೂ ಯೆಹೂದಿಗಳು, ವಿಯೆನ್ನಾದವರು, ಹಿಟ್ಲರನ ಸೆರೆಶಿಬಿರಗಳನ್ನು ಕಂಡು ಬದುಕಿ ಬಂದವರು. ಮಗುವನ್ನು ಒಂಟಿಯಾಗಿ ಕಳುಹಿಸುವುದು ಒಂದು ಪರಿತ್ಯಾಗ, ಅನ್ನವಿಲ್ಲದೆ ಕಳುಹಿಸುವುದು ಇನ್ನೊಂದು; ತಾಯಿಯೇ ಹೀಗೆ ಮಾಡುವ ಕಥೆಯಿಂದ ಮಗುವಿನ ಮನಸ್ಸಿಗೆ ಆಘಾತವಾದೀತು ಎಂಬುದು ಅವರ ವಾದದ ತಿರುಳು. ಸೋಜಿಗವೆಂದರೆ, ಪುಸ್ತಕವನ್ನು ತಾವು ಓದಿಲ್ಲವೆಂದು ಅವರೇ ಒಪ್ಪಿಕೊಂಡಿದ್ದರು. ಅವರ ಮುಂದಿದ್ದುದು ತಾಯಂದಿರ ವರ್ಣನೆ ಮಾತ್ರ. ಪುಸ್ತಕದ ಕೊನೆಯ ಪುಟವನ್ನು ತೆರೆದಿದ್ದರೆ, ಬಾಲಕ ಮರಳಿ ಬಂದಾಗ ಅವನ ಕೋಣೆಯಲ್ಲಿ ಊಟ ಕಾದಿತ್ತು, ಇನ್ನೂ ಬಿಸಿಯಾಗಿತ್ತು ಎಂಬುದು ಕಾಣುತ್ತಿತ್ತು. ತಾಯಿ ಬಿಟ್ಟಿರಲಿಲ್ಲ. ಮಕ್ಕಳಿಗೆ ಆ ಬಿಸಿಯೂಟ ತಿಳಿಯಿತು, ಪಂಡಿತರಿಗೆ ತಿಳಿಯಲಿಲ್ಲ.

ಅದೇ ಬೆಟ್ಟಲ್‌ಹೈಮರು 1976ರಲ್ಲಿ ಅಜ್ಜಿಕಥೆಗಳ ಮಹತ್ವವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು, ರಾಕ್ಷಸರೂ ಮಾಟಗಾತಿಯರೂ ಮಗುವಿನ ಒಳಗಿನ ಭಯವನ್ನು ಕಳೆಯಲು ಬೇಕಾದವರೆಂದು ಸಮರ್ಥಿಸಿದರು. ಹಳೆಯ ಕಥೆಯ ರಾಕ್ಷಸನಿಗಿದ್ದ ರಿಯಾಯಿತಿ ಹೊಸ ಪುಸ್ತಕದ ಪ್ರಾಣಿಗೇಕಿಲ್ಲವೋ ನಾವರಿಯೆವು.

ಇದರಿಂದ ದೊಡ್ಡವರ ವಿಮರ್ಶೆಯೆಲ್ಲ ವ್ಯರ್ಥವೆಂದು ತಿಳಿಯಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು. ಅವರಲ್ಲಿ ಮಕ್ಕಳೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು. ಈ ನರಮೇಧವನ್ನು ಮಕ್ಕಳಿಗೆ ಹೇಳುವುದೆ, ಬಿಡುವುದೆ? ಹೇಳಿದರೆ ಎಷ್ಟು ಹೇಳುವುದು? 1977ರಲ್ಲಿ ಎರಿಕ್ ಕಿಮ್ಮೆಲ್ ಅವರು 'ಹಾರ್ನ್ ಬುಕ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅಲ್ಲಿಯವರೆಗಿನ ಮಕ್ಕಳ ಕಾದಂಬರಿಗಳು ವಲಸೆ, ಅಡಗುದಾಣ, ಪ್ರತಿರೋಧ ಎಂದು ನರಕದ ಹೊರವಲಯಗಳಲ್ಲಿಯೇ ಸುತ್ತುತ್ತಿವೆ, ಸುಡುಗೂಡಿನ ಬಳಿಗೆ ಯಾವುದೂ ಹೋಗಿಲ್ಲ ಎಂದು ಅವರು ಗುರುತಿಸಿದರು. ಕಿಮ್ಮೆಲ್ ತಾವೂ ಮಕ್ಕಳ ಲೇಖಕರು. ಹೊರಗೆ ನಿಂತು ಮಾತನಾಡಿದವರಲ್ಲ. 1988ರಲ್ಲಿ ಜೇನ್ ಯೋಲೆನ್ ಅವರ 'ದ ಡೆವಿಲ್ಸ್ ಅರಿತ್ಮೆಟಿಕ್' ಆ ಒಳವಲಯವನ್ನು ಹೊಕ್ಕಿತು. ಪಸ್ಕದ ಊಟದಲ್ಲಿ ಹಿರಿಯರ ಹಳೆಯ ಮಾತುಗಳಿಗೆ ಬೇಸತ್ತ ಅಮೆರಿಕದ ಬಾಲಕಿಯೊಬ್ಬಳು ಪ್ರವಾದಿ ಎಲೀಯನಿಗಾಗಿ ಬಾಗಿಲು ತೆರೆಯುತ್ತಾಳೆ. ಹೊರಗೆ ಕಾಣುವುದು 1942ರ ಪೋಲೆಂಡ್. ನೆನಪು ಬೇಡವೆಂದವಳು ನೆನಪಿನೊಳಗೇ ಹೋಗಿ ಬೀಳುತ್ತಾಳೆ. ಕಥನದಲ್ಲಿ ಮಾಯೆಯಿದೆ, ಆದರೆ ಶಿಬಿರದ ವರ್ಣನೆಯಲ್ಲಿ ಕಣ್ಣುಮುಚ್ಚಾಲೆಯಿಲ್ಲ.

ಇದಕ್ಕೆ ಎದುರಾಗಿ 2006ರಲ್ಲಿ ಐರ್ಲೆಂಡಿನ ಜಾನ್ ಬಾಯ್ನ್ ಬರೆದ 'ದ ಬಾಯ್ ಇನ್ ದ ಸ್ಟ್ರೈಪ್ಡ್ ಪೈಜಾಮಾಸ್' ಲಕ್ಷಾಂತರ ಪ್ರತಿಗಳು ಮಾರಾಟವಾದ ಪುಸ್ತಕ. ಲೇಖಕರು ಯೆಹೂದಿಗಳಲ್ಲ. ಶಿಬಿರದ ನಾಜಿ ಅಧಿಕಾರಿಯ ಒಂಬತ್ತು ವರ್ಷದ ಮಗನೂ ಬೇಲಿಯಾಚೆಯ ಯೆಹೂದಿ ಬಾಲಕನೂ ದಿನವೂ ಕುಳಿತು ಹರಟುತ್ತಾರೆ. ಓದಿದವರು ಅತ್ತರು. ಆದರೆ ಆಶ್ವಿಟ್ಸ್‌ನಲ್ಲಿ ಬೇಲಿಗೆ ವಿದ್ಯುತ್ ಹರಿಯುತ್ತಿತ್ತು, ಕಾವಲಿತ್ತು. ಆ ವಯಸ್ಸಿನ ಯೆಹೂದಿ ಮಕ್ಕಳಲ್ಲಿ ಬಹುಪಾಲು ಬಂದಿಳಿದ ದಿನವೇ ವಿಷಾನಿಲದ ಕೋಣೆಗೆ ಹೋದವರು. 2020ರ ಜನವರಿಯಲ್ಲಿ ಆಶ್ವಿಟ್ಸ್ ಸ್ಮಾರಕ ವಸ್ತುಸಂಗ್ರಹಾಲಯವು, ನರಮೇಧದ ಚರಿತ್ರೆಯನ್ನು ಓದುವವರೂ ಬೋಧಿಸುವವರೂ ಈ ಪುಸ್ತಕವನ್ನು ದೂರವಿಡುವುದು ಲೇಸೆಂದು ಬಹಿರಂಗವಾಗಿ ಹೇಳಿತು. ಕಥೆ ಕಥೆಯೇ ಅಲ್ಲವೆ, ಇಷ್ಟು ಕಟ್ಟುನಿಟ್ಟೇಕೆ ಎಂದವರೂ ಇದ್ದರು.

ನಮ್ಮ ಮನಸ್ಸು ಈ ವಾದದಲ್ಲಿ ಸಂಗ್ರಹಾಲಯದ ಕಡೆಗೆ. ಭಯವನ್ನು ಮಗು ತಾನೇ ಅಳೆಯಬಲ್ಲದು. ತಾಳಲಾರದ ಪುಟವನ್ನು ಅದು ಮಗುಚಿಹಾಕುತ್ತದೆ, ಇಲ್ಲವೆ ಅಮ್ಮನ ಸೆರಗಿನೊಳಗೆ ಮುಖವಿಟ್ಟು ಮತ್ತೆ ಓದಿಸುತ್ತದೆ. ಸುಳ್ಳನ್ನು ಅಳೆಯುವ ಸಾಧನ ಮಾತ್ರ ಅದರ ಬಳಿ ಇಲ್ಲ. ಬೇಲಿಯ ಬಳಿ ಹರಟೆ ಸಾಧ್ಯವಿತ್ತೆಂದು ಅಚ್ಚಾಗಿದ್ದರೆ ಸಾಧ್ಯವಿತ್ತೆಂದೇ ನಂಬಿ ಬೆಳೆಯುತ್ತದೆ. ಅಲ್ಲಿ ಹಿರಿಯರ ಕಣ್ಣು ಬೇಕು. ಆದರೆ ಆಗುತ್ತಿರುವುದು ಬಹುಪಾಲು ವಿಪರೀತ. 2022ರ ಜನವರಿಯಲ್ಲಿ ಅಮೆರಿಕದ ಟೆನಿಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಲಿ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಎಂಬ ಚಿತ್ರಕಥನವನ್ನು ಎಂಟನೆಯ ತರಗತಿಯ ಪಾಠದಿಂದ ತೆಗೆದುಹಾಕಿತು. ತಂದೆ ಆಶ್ವಿಟ್ಸ್‌ನಿಂದ ಬದುಕಿ ಬಂದ ನಿಜಕಥೆ ಅದು. ಸುಳ್ಳಿದೆಯೆಂದು ಯಾರೂ ದೂರಲಿಲ್ಲ. ನಾಲ್ಕಾರು ಬೈಗುಳ, ಒಂದು ಬೆತ್ತಲೆ ಚಿತ್ರ, ಇವು ಕಾರಣವಾದವು.

ಮಗುವಿಗೆ ಸಾವನ್ನು ಹೇಗೆ ಹೇಳಬೇಕೆಂಬುದನ್ನು ವಿಮರ್ಶೆಯಾಗಿ ಅಲ್ಲ, ನಿತ್ಯದ ಬಾಳಿನಲ್ಲಿ ಎದುರಿಸಿದ ಲೇಖಕರೊಬ್ಬರಿದ್ದರು. ಯಾನುಷ್ ಕೊರ್ಚಾಕ್ ಎಂಬ ಲೇಖನನಾಮದಿಂದ ಪ್ರಸಿದ್ಧರಾದ ವಾರ್ಸಾದ ಮಕ್ಕಳ ವೈದ್ಯರು. 1920ರ ದಶಕದ ಆರಂಭದಲ್ಲಿ ಅವರು ಬರೆದ ಬಾಲರಾಜನ ಕಾದಂಬರಿ ಪೋಲೆಂಡಿನ ಮನೆಮನೆಯ ಪುಸ್ತಕವಾಯಿತು. ಮಕ್ಕಳಿಗೂ ಶಾಸನಸಭೆ ಬೇಕೆಂದು ಸ್ಥಾಪಿಸಿದ ಆ ಬಾಲರಾಜ ಕೊನೆಗೆ ಸೋಲುತ್ತಾನೆ, ಗಡಿಪಾರಾಗುತ್ತಾನೆ. ಮಕ್ಕಳ ಪುಸ್ತಕ ಸೋಲಿನಲ್ಲಿ ಮುಗಿಯಬಾರದೆಂಬ ನಿಯಮವನ್ನು ಅವರು ಮನ್ನಿಸಲಿಲ್ಲ. 1926ರಲ್ಲಿ ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಆರಂಭಿಸಿದರು. ಯೆಹೂದಿ ದಿನಪತ್ರಿಕೆಯೊಂದರ ಪುರವಣಿಯಾಗಿ ಅದು 1939ರವರೆಗೆ ನಡೆಯಿತು. ಮಗುವನ್ನು ಯಾರೂ ಕೇಳುವುದಿಲ್ಲವೆಂದು ಆರಂಭದಲ್ಲಿ ಹೇಳಿದೆವಷ್ಟೆ, ಇವರು ಕೇಳಿದವರು. ಅವರ ಅನಾಥಾಲಯವಿದ್ದುದು ಕ್ರೋಖ್‌ಮಾಲ್ನಾ ಬೀದಿಯ 92ನೆಯ ಸಂಖ್ಯೆಯ ಕಟ್ಟಡದಲ್ಲಿ. ಯುದ್ಧ ಬಂದ ಮೇಲೆ ಮಕ್ಕಳೊಡನೆ ವಾರ್ಸಾದ ಗೋಡೆಕಟ್ಟಿದ ಯೆಹೂದಿ ಕೇರಿಯೊಳಗೆ ಹೋಗಬೇಕಾಯಿತು.

ಅಲ್ಲಿ, 1942ರ ಜುಲೈ 18ರಂದು, ಹಸಿದ ಆ ಮಕ್ಕಳು ಒಂದು ನಾಟಕವಾಡಿದರು. ಅದು ರವೀಂದ್ರನಾಥ ಠಾಕೂರರ 'ಡಾಕ್‌ಘರ್', ಅಂದರೆ ಅಂಚೆಮನೆ. ವೈದ್ಯನ ಅಪ್ಪಣೆಯಂತೆ ಕೋಣೆಯಲ್ಲಿ ಬಂದಿಯಾದ ರೋಗಿ ಬಾಲಕ ಅಮಲ್ ಕಿಟಕಿಯ ಬಳಿ ಕುಳಿತು ಮೊಸರು ಮಾರುವವನೊಡನೆ, ಕಾವಲುಗಾರನೊಡನೆ, ಹೂ ಕೀಳಲು ಹೋಗುವ ಹುಡುಗಿಯೊಡನೆ ಮಾತನಾಡುತ್ತಾನೆ. ರಾಜನಿಂದ ಓಲೆ ಬರುವುದೆಂದು ಕಾಯುತ್ತಾನೆ. ಕೊನೆಗೆ ರಾಜವೈದ್ಯ ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ, ಮಗು ನಿದ್ರಿಸುತ್ತದೆ. ಈ ನಾಟಕವನ್ನೇ ಏಕೆ ಆರಿಸಿದಿರೆಂದು ಕೇಳಿದಾಗ, ಮಕ್ಕಳು ಸಾವನ್ನು ಶಾಂತವಾಗಿ ಬರಮಾಡಿಕೊಳ್ಳುವುದನ್ನು ಕಲಿಯಲೆಂದು ಎಂಬರ್ಥದ ಉತ್ತರವನ್ನು ಕೊರ್ಚಾಕ್ ಕೊಟ್ಟರೆಂದು ಅಂದಿನ ನೆನಪುಗಳು ತಿಳಿಸುತ್ತವೆ. ನಾಲ್ಕು ದಿನಗಳ ಅನಂತರ ಗಡಿಪಾರು ಮೊದಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶಗಳನ್ನು ನಿರಾಕರಿಸಿ ಕೊರ್ಚಾಕರೂ ಅವರೊಡನೆಯೇ ಹೋದರು. ಬಂಗಾಳದಲ್ಲಿ ಬರೆದ ನಾಟಕವೊಂದು ಎಲ್ಲಿಗೆ ಹೋಗಿ ಯಾರಿಗೆ ಊರುಗೋಲಾಯಿತೆಂಬುದನ್ನು ಓದಿದ ದಿನ ನಮಗೆ ಬೇರೆ ಕೆಲಸ ಸಾಗಲಿಲ್ಲ.

ಅದೇ ಕ್ರೋಖ್‌ಮಾಲ್ನಾ ಬೀದಿಯ 10ನೆಯ ಸಂಖ್ಯೆಯ ಮನೆಯಲ್ಲಿ ಬಡ ರಬ್ಬಿಯೊಬ್ಬರು ಕೇರಿಯ ಜನರಿಗೆ ನ್ಯಾಯ ಹೇಳುತ್ತಿದ್ದರು. ಅವರ ಮಗನೇ ಐಸಾಕ್ ಬಾಶೆವಿಸ್ ಸಿಂಗರ್. 1935ರಲ್ಲಿ ಅಮೆರಿಕ ಸೇರಿದ ಸಿಂಗರ್ ಜೀವನಪೂರ್ತಿ ಯಿಡ್ಡಿಷ್‌ನಲ್ಲಿಯೇ ಬರೆದರು. ದೆವ್ವಪಿಶಾಚಿಗಳನ್ನೂ ಕಾಮವನ್ನೂ ಬರೆದು ಜನಾಂಗದ ಮಾನ ಕಳೆಯುತ್ತಾರೆಂದು ಸ್ವಜನರೇ ದೂರಿದ್ದುಂಟು. ಮಕ್ಕಳಿಗಾಗಿ ಲೇಖನಿ ಹಿಡಿದದ್ದು ಅರವತ್ತು ದಾಟಿದ ಮೇಲೆ, ಗೆಳತಿ ಎಲಿಜಬೆತ್ ಶುಬ್ ಅವರ ಒತ್ತಾಯದಿಂದ. 1966ರಲ್ಲಿ ಬಂದ ಆ ಮೊದಲ ಪುಸ್ತಕ 'ಜ್ಲಾತೆ ಎಂಬ ಮೇಕೆ ಮತ್ತು ಇತರ ಕಥೆಗಳು'. (ಅರವತ್ತಾದ ಮೇಲೆ ಮನುಷ್ಯ ಹೊಸದನ್ನು ಕಲಿಯಲಾರನೆನ್ನುವ ಮನೆಯ ಕಿರಿಯರು ಇದನ್ನು ಗಮನಿಸಬೇಕು.) ಅದರಲ್ಲಿ ಹೆಲ್ಮ್ ಎಂಬ ಮೂರ್ಖರ ಊರಿನ ಕಥೆಯೊಂದಿದೆ. ಬಿದ್ದ ಹಿಮವನ್ನು ಬೆಳ್ಳಿ, ಮುತ್ತು, ವಜ್ರವೆಂದು ನಂಬಿದ ಏಳು ಹಿರಿಯರು, ಜನ ಅದನ್ನು ತುಳಿಯದಿರಲೆಂದು ಡಂಗುರ ಸಾರಲು ಒಬ್ಬ ಹುಡುಗನನ್ನು ಕಳುಹಿಸುತ್ತಾರೆ. ಅವನ ಕಾಲೂ ತಾಕಬಾರದಲ್ಲ! ಅವನನ್ನು ಮೇಜಿನ ಮೇಲೆ ನಿಲ್ಲಿಸಿ ನಾಲ್ವರು ಹೊತ್ತು ತಿರುಗುತ್ತಾರೆ. ಹಿರಿಯರನ್ನು ಹೀಗೆ ನಗೆಗೀಡು ಮಾಡಬಹುದೆ ಎಂದು ಯಾರಾದರೂ ಕೇಳಿಯಾರು. ಕೇಳುವವರು ಹೆಲ್ಮ್ ಊರಿನವರೇ ಇರಬೇಕು.

1978ರ ಡಿಸೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿಯ ಔತಣಕೂಟದಲ್ಲಿ ಸಿಂಗರ್ ತಾವು ಮಕ್ಕಳಿಗೆ ಬರೆಯಲು ಹತ್ತು ಕಾರಣಗಳನ್ನು ವಿನೋದವಾಗಿ ಪಟ್ಟಿಮಾಡಿದರು. 1970ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿಯನ್ನು ಮಕ್ಕಳ ಪುಸ್ತಕಕ್ಕಾಗಿ ಪಡೆದಾಗಲೂ ಅವನ್ನೇ ಹೇಳಿದ್ದರು. ಮಕ್ಕಳಿಗೆ ವಿಮರ್ಶಕರ ಹಂಗಿಲ್ಲ. ದೇವರು, ಮನೆತನ, ದೇವದೂತ, ದೆವ್ವ ಇವನ್ನೆಲ್ಲ ಅವರು ಇನ್ನೂ ನಂಬುತ್ತಾರೆ. ಬೇಸರವಾದರೆ ಮುಚ್ಚುಮರೆಯಿಲ್ಲದೆ ಆಕಳಿಸುತ್ತಾರೆ ಎಂಬುದು ಅವುಗಳ ಸಾರ. ಇದನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಮಗುವಿನ ಕೈಗೆ ಪುಸ್ತಕ ತಲುಪುವುದೇ ದೊಡ್ಡವರ ಕೈದಾಟಿ. ಆದರೆ ಆಕಳಿಕೆಗಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾವೂ ಕಂಡಿಲ್ಲ.

ಇನ್ನು ಆ ಮೇಕೆಯ ಕಥೆ. ಚಳಿ ಬೀಳದ ವರ್ಷ ತುಪ್ಪಳದ ವ್ಯಾಪಾರಿ ರೂವೆನ್‌ಗೆ ಸಂಪಾದನೆಯಿಲ್ಲ. ಹಬ್ಬದ ಖರ್ಚಿಗೆಂದು ಮುದಿ ಮೇಕೆಯನ್ನು ಕಟುಕನಿಗೆ ಮಾರಲು ಮಗ ಆರೋನನನ್ನು ಕಳುಹಿಸುತ್ತಾನೆ. ದಾರಿಯಲ್ಲಿ ಹಿಮಗಾಳಿ. ಹುಡುಗನೂ ಮೇಕೆಯೂ ಹುಲ್ಲಿನ ಬಣವೆಯೊಳಗೆ ಮೂರು ದಿನ ಅಡಗುತ್ತಾರೆ. ಮೇಕೆ ಹುಲ್ಲು ತಿನ್ನುತ್ತದೆ, ಹುಡುಗ ಅದರ ಹಾಲು ಕುಡಿಯುತ್ತಾನೆ. ಅದರ ಮೈಯ ಬಿಸಿಯಿಂದ ಬದುಕುತ್ತಾನೆ. ಮನೆಗೆ ಮರಳಿದ ಮೇಲೆ ಮೇಕೆಯನ್ನು ಮಾರುವ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ.

ಈ ಪುಸ್ತಕಕ್ಕೆ ಚಿತ್ರ ಬರೆದವರು ಅದೇ ಮಾರಿಸ್ ಸೆಂಡಾಕ್. ಕಥೆಗಳಲ್ಲಿ ಯುದ್ಧವಿಲ್ಲ, ಶಿಬಿರವಿಲ್ಲ. ಅವು ಹಳೆಯ ಪೋಲೆಂಡಿನ ಹಳ್ಳಿಗಳ ಕಥೆಗಳು. ಆ ಹಳ್ಳಿಗರ ಮುಖಗಳನ್ನು ಬಿಡಿಸಲು ಸೆಂಡಾಕ್ ತಮ್ಮ ತಂದೆತಾಯಿಗಳ ಹಳೆಯ ಆಲ್ಬಮ್ಮನ್ನು ತೆರೆದರು. ನರಮೇಧದಲ್ಲಿ ಮಡಿದ, ತಾವೆಂದೂ ಕಂಡಿರದ ಬಂಧುಗಳ ಭಾವಚಿತ್ರಗಳು ಅದರಲ್ಲಿದ್ದವು. ಅವರ ಮುಖಗಳನ್ನೇ ಕಥೆಯ ಪಾತ್ರಗಳಿಗೆ ಕೊಟ್ಟರು. ಮಕ್ಕಳು ಹುಡುಗನನ್ನೂ ಮೇಕೆಯನ್ನೂ ನೋಡಿ ಪುಟ ಮಗುಚಿದರು. ಪುಸ್ತಕ ಅಚ್ಚಾಗಿ ಕೈಗೆ ಬಂದ ದಿನ ಸೆಂಡಾಕರ ವೃದ್ಧ ತಂದೆತಾಯಿಗಳು ಆ ಮುಖಗಳನ್ನು ಗುರುತು ಹಿಡಿದರು.